ನೂರಾ ಹತ್ತು ಡಿಗ್ರಿಯ ಡಬ್ಬಿ

ಕಂಪ್ಯೂಟರ್ ರಿಪೇರಿಯಲ್ಲಿ ಯಂತ್ರದ ಕೆಲಸ ಬೇಗ ಮುಗಿಯುತ್ತದೆ, ಮನೆಯವರದ್ದು ಮುಗಿಯುವುದಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಹರಿಹರದ ಒಂದೇ ಮನೆಗೆ ದಾವಣಗೆರೆಯ ನಿಟ್ಟುವಳ್ಳಿಯಿಂದ ಸ್ಕೂಟರ್ ಓಡಿಸಿ ಓಡಿಸಿ, ಬಾತಿ ರಸ್ತೆಯ ಗುಂಡಿಗಳೆಲ್ಲ ನನಗೆ ನೆಂಟರಾಗಿದ್ದವು.

೧. ಫ್ಯಾನು ಯಾರಿಗೆ?

ಆ ಮನೆಯ ಸೊಸೆ ಲಗ್ನಪತ್ರಿಕೆ ಟೈಪ್ ಮಾಡಿಕೊಡಲು ಕಂಪ್ಯೂಟರ್ ಕೊಂಡಿದ್ದಳು. ಅದು ಪರದೆಯ ಮೂಲೆಯಲ್ಲಿ ನೂರಾ ಹತ್ತು ಡಿಗ್ರಿ ಬಿಸಿ ಎಂದು ತೋರಿಸಿ, ಕುಂಯ್ ಕುಂಯ್ ಅಂದು, ತಾನೇ ಆಫ್ ಆಗುತ್ತಿತ್ತು. ನಾನು ಹೋದಾಗ ಟೇಬಲ್ ಫ್ಯಾನು ಅದರ ಮುಖಕ್ಕೇ ತಿರುಗಿತ್ತು. ಡಬ್ಬಿ ಬಿಚ್ಚಿ ಮುಟ್ಟಿ ನೋಡಿದೆ. ತಣ್ಣಗಿತ್ತು.

"ಬಿಸಿ ಏನೂ ಇಲ್ಲಮ್ಮ. ಬಿಸಿ ಅಳೆಯೋ ಸೆನ್ಸರ್ ಕೆಟ್ಟು ಸುಳ್ಳು ಹೇಳ್ತೈತೆ," ಅಂದೆ.

ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತಿದ್ದ ಅತ್ತೆ, "ಹಂಗಾದ್ರೆ ನನ್ ಫ್ಯಾನ್ ನಂಗೆ ಕೊಡ್ಸಪ್ಪ. ಆ ಡಬ್ಬೀನ ನೀನೇ ತಗಂಡ್ ಹೋಗು," ಅಂದರು.

೨. ಮದುಮಗಳಿಲ್ಲದ ಮದುವೆ

ಹೊಸ ಸೆನ್ಸರ್ ಸಿಗುವ ಮೊದಲೇ ಸೊಸೆಯ ಮೊದಲ ಗಿರಾಕಿ, ಮದುವೆ ಹೆಣ್ಣಿನ ತಂದೆ, ಕರಡು ನೋಡಲು ಬಂದರು. ಗಂಡಿನ ಅಜ್ಜ, ಅಪ್ಪ, ಚಿಕ್ಕಪ್ಪಂದಿರೆಲ್ಲ ಸಾಲಾಗಿ ಅಚ್ಚಾಗಿದ್ದರು.

"ನಮ್ ಹುಡುಗಿ ಎಲ್ರಿ?"

"ಪ್ರಿಂಟು ಅಲ್ಲಿಗೆ ಬರೋದ್ರೊಳಗೆ ಕಂಪ್ಯೂಟರ್ ಆಫ್ ಆತ್ರಿ," ಅಂದಳು ಸೊಸೆ. ಕಣ್ಣಲ್ಲಿ ನೀರು ಬಂದಿತ್ತು, ಪಾಪ. ಈ ಗಿರಾಕಿ ಕೈಬಿಟ್ಟರೆ ಕಂಪ್ಯೂಟರ್ ವಾಪಸ್ ಎಂದು ಅತ್ತೆ ಬೆಳಿಗ್ಗೆಯೇ ಹೇಳಿಯಾಗಿತ್ತು.

ಆತ ಕರಡನ್ನು ತಿರುಗಿಸಿ ಹಿಂದೆಯೂ ನೋಡಿದರು. "ಖರ್ಚೆಲ್ಲ ನಮ್ದು, ಪತ್ರಿಕೆ ತುಂಬ ಅವರೇ! ನಾಳೆ ಒಂದಿನ ನೋಡ್ತೀನಿ, ಆಮ್ಯಾಲೆ ದಾವಣಗೆರೆ ಪ್ರೆಸ್ಸಿಗೇ ಕೊಡ್ತೀನಿ."

೩. ನಲವತ್ತು

ಮರುದಿನ ಹೊಸ ಸೆನ್ಸರ್ ಹಾಕಿದೆ. "ನಲವತ್ತಕ್ಕೆ ಇಳೀತು, ಇನ್ನು ಚಿಂತೆ ಬ್ಯಾಡ!" ಎಂದು ಮನೆಯಿಡೀ ಕೇಳುವಂತೆ ಸಾರಿದೆ. ಸೊಸೆ ಮದುಮಗಳನ್ನೂ ಸೇರಿಸಿ ಪತ್ರಿಕೆ ಮುಗಿಸಿಕೊಟ್ಟಳು. ನನಗೂ ನಿಜಕ್ಕೂ ಖುಷಿಯಾಯಿತು.

ಮಾರನೆ ಬೆಳಿಗ್ಗೆಯೇ ಅವಳ ಫೋನ್. "ಅಣ್ಣಾ, ಮತ್ತೆ ಕೂಗ್ತೈತೆ. ನೀವೇ ಬಂದು ನಮ್ ಅತ್ತೆಗೆ ಹೇಳ್ರಿ, ನನ್ ಮಾತು ಕೇಳ್ತಿಲ್ಲ."

ಹೋಗಿ ನೋಡಿದರೆ ಡಬ್ಬಿಗೆ ದಪ್ಪ ಕಂಬಳಿ ಸುತ್ತಿದೆ. ಪಕ್ಕದಲ್ಲಿ ಅತ್ತೆ ಕಾವಲು ಕೂತಿದ್ದಾರೆ.

"ಅಯ್ಯೋ, ಬೆಂದು ಹೋಗ್ತೈತೆ! ಯಾಕಮ್ಮ ಹೊದಿಸಿದ್ರಿ?"

ಅತ್ತೆ ನನ್ನನ್ನೇ ಗದರಿದರು. "ನಮ್ ಸೊಸೆ ಮಾನ ಉಳಿಸಿದ್ದು ಇದು. ಡಾಕ್ಟ್ರು ಥರ್ಮಾಮೀಟರ್ ಇಟ್ರೆ ಮೈ ಬಿಸಿ ತೊಂಬತ್ತೆಂಟು ಇರ್ಬೇಕು ಅಂತಾರೆ. ನಲವತ್ತಕ್ಕೆ ಇಳಿದು ಹೆಣದಂಗೆ ತಣ್ಣಗಾಗಿತ್ತು, ನೀನು ನೋಡಿದ್ರೆ ಚಿಂತೆ ಬ್ಯಾಡ ಅಂತ ಹೇಳಿ ಹೋದ್ಯಲ್ಲಪ್ಪ! ಈಗ ನೋಡು, ತೊಂಬತ್ತಕ್ಕೆ ಬಂದೈತೆ. ಇನ್ನೆಂಟು ಏರ್ಲಿ, ತೆಗೀತೀನಿ."