ಬಿಸಿಲೇರಿದ ಮೇಲೆ ಓಡುವ ಸೈಕಲ್

ನಮ್ಮ ಸೀಮೆಯವರಿಗೆ ಕಣ್ಣಿಗಿಂತ ಕಿವಿಯ ಮೇಲೆ ನಂಬಿಕೆ ಜಾಸ್ತಿ. ತಿಪಟೂರು, ತುರುವೇಕೆರೆ ಕಡೆಯ ಯಾರ ಕೈಗಾದರೂ ಒಂದು ವಸ್ತು ಕೊಟ್ಟು ನೋಡಿ, ಮೊದಲು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಇದು ತೆಂಗಿನಕಾಯಿ ಕಲಿಸಿದ ಅಭ್ಯಾಸ. ಕಾಯಿಯನ್ನು ಅಟ್ಟಕ್ಕೆ ಏರಿಸಿ ಹೆಚ್ಚುಕಡಿಮೆ ವರ್ಷ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟುಕೊಂಡು, ಅಲ್ಲಾಡಿಸಿದಾಗ ಗೊಟಗೊಟ ಎನ್ನುತ್ತದೆ. ಹಾಗಂದರೆ ಕೊಬ್ಬರಿ ಆಗಿದೆ ಎಂದರ್ಥ. ಸುಮ್ಮನಿದ್ದರೆ ಇನ್ನೂ ಹಸಿ. ಈ ಪಾಠ ಮೈಗೆ ಹತ್ತಿದವರು ಔಷಧಿ ಬಾಟಲಿಯಿಂದ ಹಿಡಿದು ಮೊಬೈಲ್ ಫೋನಿನವರೆಗೆ ಎಲ್ಲವನ್ನೂ ಅಲ್ಲಾಡಿಸಿಯೇ ಕೊಳ್ಳುತ್ತಾರೆ. ನನ್ನ ಮಾವನವರು ಮದುವೆಯಲ್ಲಿ ನನಗೆ ಕೊಡಲು ಒಂದು ವಾಚು ತಂದಿದ್ದರಂತೆ. ಅಲ್ಲಾಡಿಸಿದಾಗ ಸದ್ದೇ ಬರಲಿಲ್ಲವೆಂದು ಅದನ್ನು ವಾಪಸು ಕೊಟ್ಟು ಬೇರೆಯದು ತಂದರು. ಈ ಎರಡನೆಯ ವಾಚು ಚೆನ್ನಾಗಿ ಸದ್ದು ಮಾಡುತ್ತಿತ್ತು, ಹೊತ್ತು ತೋರಿಸುವುದೊಂದು ಬಿಟ್ಟು.

ಇಂಥ ಜನರ ನಡುವೆ ಹುಟ್ಟಿ, ಅಲ್ಲೇ ತೋಟ ಮಾಡಿಕೊಂಡು, ಅಕ್ಕಪಕ್ಕದವರ ಕೊಬ್ಬರಿಯನ್ನೂ ಕೊಂಡು ತಿಪಟೂರು ಮಾರುಕಟ್ಟೆಗೆ ಹಾಕುವ ನಾನು ಮೊನ್ನೆ ಅಟ್ಟ ಖಾಲಿ ಮಾಡುವಾಗ ಒಂದು ಸೈಕಲ್ಲನ್ನು ಅಲ್ಲಾಡಿಸಿದೆ. ಅಲ್ಲಿಂದ ಶುರುವಾಯಿತು ನೋಡಿ ನನ್ನ ಗ್ರಹಚಾರ.

ಕಾಯಿ ಎಲ್ಲಾ ಇಳಿಸಿದ ಮೇಲೆ ಅಟ್ಟದ ಮೂಲೆಯಲ್ಲಿ, ಧೂಳು, ಜೇಡರಬಲೆಗಳ ಕೆಳಗೆ ಅದು ಮಲಗಿತ್ತು. ಬಿ.ಎಂ.ಎಕ್ಸ್. ಸೈಕಲ್. ಈಗಿನವರಿಗೆ ಹೆಸರು ಹೇಳಿದರೆ ಗೊತ್ತಾಗಲಿಕ್ಕಿಲ್ಲ. ಗಿಡ್ಡ ಚಕ್ರ, ದಪ್ಪ ಟೈರು, ಎತ್ತರದ ಹ್ಯಾಂಡಲ್ಲು, ನಡುವೆ ಸ್ಪಂಜಿನ ದಿಂಬು. ನಮ್ಮ ಕಾಲದ ಹುಡುಗರಿಗೆ ಅದನ್ನು ಕಂಡರೆ ಊಟ ಸೇರುತ್ತಿರಲಿಲ್ಲ. ನಮ್ಮಪ್ಪ ಮಹಾ ಹಿಡಿತದ ಮನುಷ್ಯ. ಛತ್ರಿಯ ಕಡ್ಡಿ ಮುರಿದರೆ ತೆಂಗಿನ ಗರಿಯ ಕಡ್ಡಿ ಕಟ್ಟಿ ಮಳೆಗಾಲ ಕಳೆಯುತ್ತಿದ್ದವರು. ಅಂಥವರು ಒಂದು ವರ್ಷ ಕೊಬ್ಬರಿಗೆ ಒಳ್ಳೆಯ ರೇಟು ಸಿಕ್ಕಾಗ, ಯಾರೂ ಕೇಳದೆ, ಲಾರಿಯ ಮೇಲೆ ಈ ಸೈಕಲ್ ಹಾಕಿಕೊಂಡು ಬಂದುಬಿಟ್ಟರು. ಅವ್ವ ಕೇಳಿದ್ದಕ್ಕೆ, "ಅಂಗ್ಡೀಲಿ ನೋಡ್ದೆ, ಚೆಂದಾಗಿತ್ತು" ಎಂದಷ್ಟೇ ಹೇಳಿದ್ದರು. ಚೆಂದ ಎಂಬ ಕಾರಣಕ್ಕೆ ಅಪ್ಪ ಬದುಕಿನಲ್ಲಿ ಕೊಂಡ ವಸ್ತು ಅದೊಂದೇ. ಅದಕ್ಕೇ ಅದನ್ನು ಅಲ್ಲೇ ಬಿಟ್ಟು ಬರಲು ಮನಸ್ಸಾಗಲಿಲ್ಲ. ಕೆಳಗಿಳಿಸಿ, ಕಿವಿ ಹತ್ತಿರ ತಂದು, ಅಲ್ಲಾಡಿಸಿದೆ. ಎಲ್ಲ ಕಡೆಯಿಂದಲೂ ಗೊಟಗೊಟ ಎಂದಿತು. ಒಳ್ಳೆಯ ಲಕ್ಷಣ ಎಂದುಕೊಂಡೆ.

ನನ್ನ ಹೆಂಡತಿ ಗಿರಿಜೆಗೆ ಆ ಲಕ್ಷಣ ಕಾಣಲಿಲ್ಲ. "ಮೊಪೆಡ್ ಐತಲ್ರೀ, ಇದ್ಯಾಕೆ? ಹೋದ ವಾರ ಮೆಟ್ಲು ಹತ್ತೋವಾಗ ಮಂಡಿ ನೋವು ಅಂತಿದ್ರಿ" ಎಂದಳು. ನಾನು ಅಪ್ಪನ ನೆನಪು ಎಂದೆ. ಅಪ್ಪನ ನೆನಪು ಅಂದರೆ ನಮ್ಮ ಮನೆಯಲ್ಲಿ ಎಲ್ಲರೂ ತುಸು ಮೆತ್ತಗಾಗುತ್ತಾರೆ. ಅವಳೂ ಮೆತ್ತಗಾಗಿ ಕರಾರು ಹಾಕಿದಳು. "ನೋಡ್ರೀ, ಓಡಂಗಿದ್ರೆ ಇರ್ಲಿ. ಬೆಳಿಗ್ಗೆ ಅದರ ಮೇಲೆ ಡೈರಿಗೆ ಹಾಲು ಹಾಕಿ ಬನ್ನಿ, ಮನೇಲಿ ಜಾಗ ಕೊಡ್ತೀನಿ. ಹೊಸ ಕಾಯಿ ಅಟ್ಟಕ್ಕೆ ಹತ್ಸೋದ್ರೊಳಗೆ ಓಡ್ಲಿಲ್ಲ ಅಂದ್ರೆ ಗುಜರಿಯೋನಿಗೆ ಹಾಕಿ ಒಂದು ಪ್ಲಾಸ್ಟಿಕ್ ಬಕೆಟ್ ತಗತೀನಿ. ಆಮೇಲೆ, ಕೊಬ್ಬರಿ ದುಡ್ಡು ಮುಟ್ಟಂಗಿಲ್ಲ. ಚಿಪ್ಪು ಮಾರಿದ ದುಡ್ಡಲ್ಲಿ ಏನ್ ಬೇಕಾದ್ರೂ ಮಾಡ್ಕಳಿ."

ಚಿಪ್ಪಿನ ದುಡ್ಡು ಎಷ್ಟು ಎಂಬುದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳಿದರೆ ನಗುತ್ತಾರೆ. ಎರಡು ಟೈರು, ಟ್ಯೂಬು, ಒಂದು ಚೈನು ಕೊಳ್ಳುವಷ್ಟರಲ್ಲಿ ಅದು ಮುಗಿಯಿತು. ಮಿಕ್ಕಿದ್ದಕ್ಕೆಲ್ಲ ಕಲ್ಪವೃಕ್ಷವೇ ಗತಿ. ತುಕ್ಕನ್ನು ತೆಂಗಿನ ನಾರಿಗೆ ಬೂದಿ, ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಅವ್ವ ಹಬ್ಬಕ್ಕೆ ತಂಬಿಗೆ ಬೆಳಗಿದ ಹಾಗೆ ಹೊಳೆಯಿತು. ಸೀಟಿನೊಳಗೆ ಸ್ಪಂಜಿನ ಬದಲು ನಾರು ತುಂಬಿ ಹೊಲಿದೆ. ಕೂತರೆ ಸ್ವಲ್ಪ ಚುಚ್ಚುತ್ತದೆ, ಆದರೆ ಎಚ್ಚರವಾಗಿರಲು ಒಳ್ಳೆಯದು. ಹ್ಯಾಂಡಲ್ಲಿನ ಹಿಡಿಗೆ ತೋಟದ ಪೈಪಿನ ತುಂಡು. ಹಿಂದಿನ ಚಕ್ರದಲ್ಲಿ ಫ್ರೀವೀಲ್ ಎಂಬ ಹಲ್ಲಿನ ಬಿಲ್ಲೆಯೊಂದಿರುತ್ತದೆ. ಅದರೊಳಗೆ ಪುಟ್ಟ ನಾಲಿಗೆಗಳಿರುತ್ತವೆ. ಮುಂದಕ್ಕೆ ತುಳಿದರೆ ಕಚ್ಚಿಕೊಂಡು ಚಕ್ರವನ್ನು ತಿರುಗಿಸುತ್ತವೆ, ಹಿಂದಕ್ಕೆ ತಿರುಗಿಸಿದರೆ ಟಿಕಟಿಕ ಎನ್ನುತ್ತ ಜಾರುತ್ತವೆ. ಅದು ಬಿಗಿದುಕೊಂಡಿತ್ತು. ಸೀಮೆಎಣ್ಣೆಯಲ್ಲಿ ನೆನೆಸಿ ಬಿಡಿಸಿದೆ. ತಿಪಟೂರಿನ ರೈಲ್ವೆ ಸ್ಟೇಷನ್ನಿನ ಹತ್ತಿರ ಸೈಕಲ್ ರಿಪೇರಿ ಅಂಗಡಿ ಇಟ್ಟಿರುವ ನಂಜಪ್ಪ ಟೈರು ಕೊಡುವಾಗಲೇ, "ಆಯಿಲು, ಗ್ರೀಸು ಕೊಡ್ಲಾ ಸಾವ್ಕಾರ್ರೇ?" ಎಂದು ಕೇಳಿದ್ದ. ಮನೆಯಲ್ಲಿ ಡಬ್ಬಿಗಟ್ಟಲೆ ಎಣ್ಣೆ ಇಟ್ಟುಕೊಂಡು ಹೊರಗೆ ದುಡ್ಡು ಕೊಡಲು ನನಗೇನು ಹುಚ್ಚೇ? ಒಡಕು ಕೊಬ್ಬರಿಯನ್ನು ಮಿಲ್ಲಿಗೆ ಕೊಟ್ಟು ಮಾಡಿಸಿದ ಅಪ್ಪಟ ಎಣ್ಣೆಯನ್ನು ಫ್ರೀವೀಲಿಗೆ ಧಾರಾಳವಾಗಿ ಕುಡಿಸಿದೆ. ಮಗುವಿಗೆ ಎಣ್ಣೆ ಒತ್ತುವಾಗಲೂ ನಮ್ಮವ್ವ ಅಷ್ಟು ಸುರಿದಿರಲಿಕ್ಕಿಲ್ಲ.

ಅವತ್ತು ಮಧ್ಯಾಹ್ನ ಅಂಗಳದಲ್ಲಿ ಒಂದು ಸುತ್ತು ಹೊಡೆದೆ. ಓಡಿತು. ಟಿಕಟಿಕ ಎಂದಿತು. ಐವತ್ತರ ಹತ್ತಿರ ಬಂದ ಮನುಷ್ಯ ಗಿಡ್ಡ ಸೈಕಲ್ಲಿನ ಮೇಲೆ ಮಂಡಿ ಗದ್ದಕ್ಕೆ ತಾಗಿಸಿಕೊಂಡು ಸುತ್ತುವುದನ್ನು ಎಮ್ಮೆಯೂ ಮೇಯುವುದು ನಿಲ್ಲಿಸಿ ನೋಡಿತು. ನನಗೆ ಮಾತ್ರ ನಿಜವಾಗಿ ಖುಷಿಯಾಗಿತ್ತು. ನಾಳೆ ಬೆಳಿಗ್ಗೆ ಡೈರಿ ಎಂದು ಘೋಷಿಸಿದೆ.

ಮಾಗಿಯ ಚಳಿ. ಬೆಳಿಗ್ಗೆ ಹಾಲಿನ ಕ್ಯಾನನ್ನು ಹ್ಯಾಂಡಲ್ಲಿಗೆ ತಗುಲಿಸಿ, ಮಫ್ಲರ್ ಸುತ್ತಿಕೊಂಡು, ಪೆಡಲ್ ತುಳಿದೆ. ಪೆಡಲ್ ತಿರುಗಿತು. ಚೈನೂ ತಿರುಗಿತು. ಚಕ್ರ ಮಾತ್ರ ನಿಂತಲ್ಲೇ ನಿಂತಿತ್ತು. ಇನ್ನೂ ಜೋರಾಗಿ ತುಳಿದೆ, ಕಾಲು ಗಾಳಿಯಲ್ಲಿ ಗಿರಗಿರನೆ ಸುತ್ತಿತು. ಟಿಕಟಿಕ ಸದ್ದಿನ ಸುಳಿವೇ ಇಲ್ಲ, ಒಳ್ಳೆ ಹಸಿ ಕಾಯಿಯ ಹಾಗೆ ಮೌನ. ಬಾಗಿಲಲ್ಲಿ ನಿಂತಿದ್ದ ಗಿರಿಜೆ ಮೊಪೆಡ್ಡಿನ ಬೀಗದ ಕೈ ತಂದು ಜಗಲಿಯ ಮೇಲಿಟ್ಟಳು. ನಾನು ಅದನ್ನು ಮುಟ್ಟದೆ ಕ್ಯಾನು ಹಿಡಿದು ಡೈರಿಗೆ ನಡೆದೆ.

ಹೊತ್ತೇರಿದ ಮೇಲೆ ತಿಪಟೂರಿಗೆ ಹೊರಟಿದ್ದ ಲಗೇಜ್ ಆಟೋದಲ್ಲಿ, ಕೊಬ್ಬರಿ ಚೀಲಗಳ ಮೇಲೆ ಸೈಕಲ್ಲನ್ನೂ ಹೊರಿಸಿದೆ. ನಂಜಪ್ಪ ಎತ್ತಿ ಹಿಡಿದು ಪೆಡಲ್ ತಿರುಗಿಸಿದ. ಚಕ್ರ ಬರ್‍ರೆಂದು ಸುತ್ತಿತು. ಬಿಟ್ಟ. ಟಿಕಟಿಕಟಿಕ.

"ಏನಾಗೈತೆ ಇದ್ಕೆ?" ಎಂದ.

"ಬೆಳಿಗ್ಗೆ ಕಚ್ಚಲಿಲ್ಲ ಕಣಪ್ಪ."

"ಈಗ ಕಚ್ತಾ ಐತಲ್ಲ."

ಮಾರನೆಯ ಬೆಳಿಗ್ಗೆ ಮತ್ತೆ ಅದೇ ಕತೆ. ಮತ್ತೆ ಆಟೋ, ಮತ್ತೆ ನಂಜಪ್ಪ, ಮತ್ತೆ ಟಿಕಟಿಕ. ಈ ಸಲ ಅವನು ಸೈಕಲ್ಲನ್ನು ಬಿಟ್ಟು ನನ್ನನ್ನೇ ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿದ. "ಸಾವ್ಕಾರ್ರೇ, ಸೈಕಲ್ ಸರ್ಯಾಗೈತೆ ಬುಡಿ. ನೀವೇ ಬೆಳಿಗ್ಗೆ ಹೊಟ್ಟೆಗೇನಾರ ಹಾಕ್ಕಂಡು ತುಳೀರಿ" ಎಂದ. ಅಂಗಡಿಯಲ್ಲಿ ಕೂತಿದ್ದವರು ಬೀಡಿ ಬಾಯಿಂದ ತೆಗೆದು ನಕ್ಕರು. ಅವನು ಒಳಗೆ ಏನು ಹಾಕಿದ್ದೀರಿ ಎಂದು ಕೇಳಲಿಲ್ಲ, ಗ್ರೀಸು ಬೇಡ ಎಂದು ಬಂದಿದ್ದ ನಾನಾಗಿ ಹೇಳಲೂ ಇಲ್ಲ.

ಅಲ್ಲಿಂದ ನನಗೆ ಇದೊಂದು ಗೀಳಾಯಿತು. ಗುಜರಿ, ಬಕೆಟ್ಟು ಎಲ್ಲ ಹಿಂದಾಗಿ, ಬೆಳಿಗ್ಗೆ ಓಡದ ಸೈಕಲ್ ಮಧ್ಯಾಹ್ನ ಯಾಕೆ ಓಡುತ್ತದೆ ಎಂಬ ಪ್ರಶ್ನೆ ತಲೆಯೊಳಗೆ ಕೂತಿತು. ಹಾಲಿನ ಕ್ಯಾನಿನ ಭಾರವೇ? ಮಧ್ಯಾಹ್ನ ಅದೇ ಕ್ಯಾನಿಗೆ ನೀರು ತುಂಬಿ ತಗುಲಿಸಿದೆ, ಓಡಿತು. ಇಬ್ಬನಿಯೇ? ರಾತ್ರಿ ನಡುಮನೆಗೆ ತಂದು ಕಂಬಳಿ ಹೊದಿಸಿದೆ; ಗಿರಿಜೆ ತನಗೆ ಹೊದೆಯಲು ಏನಾದರೂ ಉಳಿದಿದೆಯೇ ಎಂದು ಕೇಳಿದಳು. ಬೆಳಿಗ್ಗೆ ಮತ್ತೆ ಮೌನ. ಮೂಡಲ ದಿಕ್ಕಿಗೆ ಮುಖ ಮಾಡಿದರೆ ಓಡುವುದಿಲ್ಲವೇನೋ ಎಂದು ಪಡುವಲಕ್ಕೆ ತಿರುಗಿಸಿಯೂ ತುಳಿದೆ. ಅಷ್ಟು ದೂರ ಹೋಗಿತ್ತು ನನ್ನ ಬುದ್ಧಿ. ಅವ್ವ ಮಾತ್ರ ಮೊದಲೇ ತೀರ್ಪು ಕೊಟ್ಟಾಗಿತ್ತು. "ದೃಷ್ಟಿ ಕಣ್ಲಾ. ಹೊಳೀತೈತಲ್ಲ, ಡೈರಿಗೆ ಹೋಗೋರ ಕಣ್ಣು ಬಿದ್ದೈತೆ" ಎಂದು ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ ಹ್ಯಾಂಡಲ್ಲಿಗೆ ಕಟ್ಟಿದಳು. ಕಟ್ಟುವಷ್ಟರಲ್ಲಿ ಬಿಸಿಲು ಏರಿತ್ತು. ತುಳಿದೆ, ಓಡಿತು. ಅವ್ವ ಆ ದಿನವೆಲ್ಲ ಬೀದಿಯಲ್ಲಿ ಹೋಗುವವರನ್ನು ಕರೆಕರೆದು ಹೇಳಿದಳು. ಮಾರನೆಯ ಬೆಳಿಗ್ಗೆ ಓಡದಿದ್ದಾಗ, ಮೆಣಸಿನಕಾಯಿಗೆ ಖಾರ ಸಾಲದು ಎಂದಳು.

ಇತ್ತ ಹೊಸ ಕಾಯಿ ಕೀಳಿಸಿ ಅಂಗಳದಲ್ಲಿ ರಾಶಿ ಬಿದ್ದಿತ್ತು. ನಾಳೆ ಅಟ್ಟಕ್ಕೆ ಏರಿಸಲು ಆಳುಗಳು ಬರುವವರಿದ್ದರು. ಗುಜರಿಯವನಿಗೆ ಗಿರಿಜೆ ಫೋನು ಮಾಡಿ, ಬರುವಾಗ ನೀಲಿ ಬಣ್ಣದ ಬಕೆಟ್ ತಾ ಎಂದಿದ್ದು ನನಗೆ ಕೇಳಿಸಿತು. ಅಪ್ಪ ಚೆಂದ ಎಂದು ತಂದದ್ದು ನೀಲಿ ಬಕೆಟ್ಟಾಗುತ್ತದಲ್ಲ. ಅವತ್ತು ಬೆಳಿಗ್ಗೆ ಜಗಲಿಯ ಮೇಲೆ ಪೆಚ್ಚುಮೋರೆ ಹಾಕಿಕೊಂಡು ಕೂತೆ. ಗಿರಿಜೆ ತಲೆಗೆ ಎಣ್ಣೆ ಹಚ್ಚಿಕೊಳ್ಳಲೆಂದು ಬಾಟಲಿ ತಂದಳು, ಬೋರಲು ಹಾಕಿದಳು, ಏನೂ ಬೀಳಲಿಲ್ಲ. ಚಳಿಗಾಲ ಪೂರ್ತಿ ಮಾಡುವ ಹಾಗೆ ಅದನ್ನು ಬಿಸಿಲು ಬೀಳಲೆಂದು ನನ್ನ ಪಕ್ಕದ ಕಲ್ಲಿನ ಮೇಲಿಟ್ಟು ಒಳಗೆ ಹೋದಳು. ನನ್ನ ಕೈ ಸುಮ್ಮನಿರಬೇಕಲ್ಲ. ಬಾಟಲಿಯನ್ನು ಎತ್ತಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದೆ. ಸದ್ದಿಲ್ಲ. ಇಟ್ಟೆ. ಬಿಸಿಲು ಬಂತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅಲ್ಲಾಡಿಸಿದೆ. ಗುಳುಗುಳು ಎಂದಿತು.

ಬೆಳಿಗ್ಗೆ ಸದ್ದಿಲ್ಲ, ಬಿಸಿಲೇರಿದರೆ ಸದ್ದು. ಕೂತಲ್ಲೇ ಬೆವರಿದೆ. ಹುಟ್ಟಿದಾಗಿನಿಂದ ಪ್ರತಿ ಮಾಗಿಯಲ್ಲೂ ಗಟ್ಟಿಯಾದ ಎಣ್ಣೆಯ ಬಾಟಲಿಯನ್ನು ಒಲೆಯ ಪಕ್ಕ ಇಟ್ಟು ಕರಗಿಸಿಕೊಂಡು ಬೆಳೆದ ಮನುಷ್ಯ ನಾನು. ಆ ಎಣ್ಣೆಯನ್ನೇ ಫ್ರೀವೀಲಿಗೆ ಕುಡಿಸಿ, ಅದು ಚಳಿಗೆ ಹೆಪ್ಪುಗಟ್ಟಿ ಒಳಗಿನ ನಾಲಿಗೆಗಳು ಅಂಟಿಕೊಂಡಾಗ ದಿಕ್ಕು ದೆಸೆ ನೋಡುತ್ತ ಕೂತಿದ್ದೆ.

ಮರುದಿನ ಬೆಳಿಗ್ಗೆ ಬಚ್ಚಲ ಹಂಡೆಯಿಂದ ಬಿಸಿನೀರು ತಂದು ಫ್ರೀವೀಲಿನ ಮೇಲೆ ಹುಯ್ದೆ. "ತಾನು ಸ್ನಾನ ಮಾಡ್ದಿದ್ರೂ ಸೈಕಲ್ಗೆ ಮಾಡಿಸ್ತಾವ್ನೆ" ಎಂದು ಅವ್ವ ಗೊಣಗಿದಳು. ಪೆಡಲ್ ತುಳಿದೆ, ಕಚ್ಚಿತು. ಕ್ಯಾನು ತೂಗಾಡಿಸಿಕೊಂಡು ತೆಂಗಿನ ಸಾಲುಗಳ ನಡುವೆ ನಾನು ಹೋದ ಠೀವಿ ನೀವು ನೋಡಬೇಕಿತ್ತು. ಡೈರಿಯಲ್ಲಿ ಸಾಲು ಉದ್ದವಿತ್ತು. ಹಾಲು ಅಳೆಸಿ, ನಾಕು ಜನರಿಗೆ ಸೈಕಲ್ ತೋರಿಸಿ, ಹತ್ತಿ ತುಳಿದರೆ ಕಾಲು ಗಾಳಿಯಲ್ಲಿ ಸುತ್ತಿತು. ಬಿಸಿನೀರು ಆರಿಹೋಗಿತ್ತು. ಡೈರಿಯಲ್ಲಿ ಬಿಸಿನೀರು ಕೇಳುವ ಮುಖವಿರಲಿಲ್ಲ. ಮನೆಯವರೆಗೂ ತಳ್ಳಿಕೊಂಡೇ ಬಂದೆ.

ಅಂಗಳದಲ್ಲಿ ಗುಜರಿಯವನು ನೀಲಿ ಬಕೆಟ್ ಹಿಡಿದು ನಿಂತಿದ್ದ. "ಹೋಗಿ ಬನ್ನಿ ಅಂದಿದ್ದೆ. ಹೋದ್ರಿ ಸರಿ, ಬಂದಿದ್ದು ನಡ್ಕಂಡು" ಎಂದಳು ಗಿರಿಜೆ. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಫ್ರೀವೀಲಿಗೆ ಏನು ಕುಡಿಸಿದ್ದೆ ಎಂದು ಹೇಳಿಬಿಟ್ಟೆ. ಅವಳು ಮೊದಲು ನನ್ನನ್ನು ನೋಡಿದಳು, ಆಮೇಲೆ ಕಲ್ಲಿನ ಮೇಲಿದ್ದ ಬಾಟಲಿಯನ್ನು ನೋಡಿದಳು, ಆಮೇಲೆ ಜಗಲಿ ಹಿಡಿದುಕೊಂಡು ನಕ್ಕಳು. ನಕ್ಕು ಸುಸ್ತಾಗಿ, ಗುಜರಿಯವನಿಗೆ ಕಾಫಿ ಕೊಟ್ಟು, ಸೈಕಲ್ಲನ್ನು ಬಾಟಲಿಯ ಪಕ್ಕದಲ್ಲೇ ಬಿಸಿಲಿಗೆ ನಿಲ್ಲಿಸಿದಳು. ಅವನು ಕಾಫಿ ಮುಗಿಸಿ, ಎಲೆಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಪೆಡಲನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ಟಿಕಟಿಕ ಎಂದಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹತ್ತಿಯೇಬಿಟ್ಟಳು. ಕಾಯಿ ರಾಶಿಯನ್ನು ಬಳಸಿ, ಗೇಟು ದಾಟಿ, ಅರಳಿಕಟ್ಟೆಯವರೆಗೆ ಹೋಗಿ ವಾಪಸು ಬಂದಳು. ಅವಳು ತುರುವೇಕೆರೆಯಲ್ಲಿ ಓದುವಾಗ ಸೈಕಲ್ ಹೊಡೆಯುತ್ತಿದ್ದಳೆಂದು ಇಷ್ಟು ವರ್ಷ ಸಂಸಾರ ಮಾಡಿದ ನನಗೆ ಗೊತ್ತಿರಲಿಲ್ಲ. ಇಳಿದಾಗ ಮುಖ ಕೆಂಪಾಗಿತ್ತು.

"ಬಕೆಟ್ ಬ್ಯಾಡ ಹೋಗಪ್ಪ. ಇದು ಚೆಂದಾಗೈತೆ" ಎಂದಳು ಗುಜರಿಯವನಿಗೆ. ಅಪ್ಪ ಹೇಳಿದ್ದ ಮಾತೇ ಅದು. ಅವ್ವ ಬಾಗಿಲಲ್ಲಿ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಹೀಗೆ ಸೈಕಲ್ ಮನೆಯಲ್ಲಿ ಉಳಿಯಿತು. ನನಗೆ ಉಳಿಯಿತು ಎಂದು ಮಾತ್ರ ಹೇಳಲಾರೆ. ಬಿಸಿಲೇರಿದ ಮೇಲೆ ಗಿರಿಜೆ ಅದರಲ್ಲಿ ಮಹಿಳಾ ಸಂಘದ ಮೀಟಿಂಗಿಗೆ, ತೋಟಕ್ಕೆ, ದಬ್ಬೇಘಟ್ಟದ ರಸ್ತೆಯ ಅಂಗಡಿಗೆ ಹೋಗುತ್ತಾಳೆ. ಓಡದ ಹೊತ್ತಿನಲ್ಲಿ, ಅಂದರೆ ಬೆಳಗಿನ ಚಳಿಯಲ್ಲಿ, ಅದು ನನ್ನದು. ಕ್ಯಾನು ಹಿಡಿದು ನಾನು ನಡೆಯುತ್ತೇನೆ. ನಡೆದರೆ ಮಂಡಿಗೆ ಒಳ್ಳೆಯದು ಎನ್ನುತ್ತಾಳೆ. ಒಂದು ದಿನ ಧೈರ್ಯ ಮಾಡಿ, ಎಣ್ಣೆ ತೊಳೆದು ಗ್ರೀಸು ಹಾಕಿಸಿಬಿಡುತ್ತೇನೆ, ನಂಜಪ್ಪ ನಕ್ಕರೆ ನಗಲಿ ಎಂದೆ. "ಯಾಕ್ರೀ, ಹಿಂಗೇ ಚೆನ್ನಾಗೈತೆ" ಎಂದಳು.

ಹೋದ ಭಾನುವಾರ ಜಗಲಿಯಲ್ಲಿ ಕೂತು ನೋಡುತ್ತಿದ್ದೆ. ಗಿರಿಜೆ ಕರಗಿದ ಎಣ್ಣೆಯನ್ನು ಅಂಗೈಗೆ ಹಾಕಿಕೊಂಡು ತಲೆಗೆ ಹಚ್ಚಿಕೊಂಡಳು. ಆಮೇಲೆ ಬಾಟಲಿ ಹಿಡಿದು ಸೈಕಲ್ಲಿನ ಹತ್ತಿರ ಹೋಗಿ, ಫ್ರೀವೀಲಿಗೆ ನಿಧಾನವಾಗಿ ನಾಕು ತೊಟ್ಟು ಬಿಟ್ಟಳು. ನಾನು ನೋಡಿದ್ದನ್ನು ಅವಳೂ ನೋಡಿದಳು. ಏನೂ ಆಗಿಲ್ಲವೆಂಬಂತೆ ನನ್ನ ಹತ್ತಿರ ಬಂದು, ಅಂಗೈಯಲ್ಲಿ ಉಳಿದಿದ್ದ ಎಣ್ಣೆಯನ್ನು ನನ್ನ ನೆತ್ತಿಗೆ ತಟ್ಟುತ್ತ ಹೇಳಿದಳು: "ಇದೂ ಅಷ್ಟೇ, ಬಿಸಿಲೇರಿದ ಮೇಲೇ ಕೆಲ್ಸ ಮಾಡೋದು."