ಕಂಪ್ಯೂಟರಿನ ನಾಕು ಗಂಟಿ

ಸಕ್ಕರಿ ಡಬ್ಬಿ ನಾಗೊಂದಿಗಿ ಮ್ಯಾಲಿಂದ ಕೆಳಗ ಇಳದಿತ್ತು. ರಾವಸಾಹೇಬ ಕಾಕಾನ ಕಾರು ಮಾತ್ರ ಜಾಗಾ ಬಿಟ್ಟು ಅಳ್ಳಾಡಿದ್ದಿಲ್ಲ.

ಎರಡ ಸಾವಿರದ ಆರನೇ ಇಸವಿ ಮಳಿಗಾಲ. ಕಾಕಾ ಪುಣೆದಿಂದ ಮೂಡಲಗಿಗೆ ಒಂದು ಹಳೇ ಫ್ರಾನ್ಸ್ ಕಾರು ತಂದಿದ್ದರು. ಶೆಡ್ಡು ಸೇರಿದ ದಿವಸದಿಂದ ಒಳಗಿನ ಕೆಂಪು ದೀಪ ಪಿಳಿಪಿಳಿ ಅಂತಿತ್ತು. ಇಂಜಿನ್ ಮಾತ್ರ ಸಿಟ್ಟಾದ ಹೆಂಡ್ತಿ ಹಂಗ ಬಾಯೇ ಬಿಡವಲ್ದು. ಗೋಕಾಕದ ಮೇಸ್ತ್ರಿ ಬಂದು, "ಇದಕ್ಕ ಪಾನಾ ಹತ್ತೂದಿಲ್ರಿ, ಕಂಪ್ಯೂಟರ್ ಹಚ್ಚಬೇಕು" ಅಂದು, ಚಾ ಕುಡದು ಹೋಗಿದ್ದ. ಅದಕ್ಕ ಬೇಕಾದ ಸಿಡಿ, ವೈರು ಎರಡೂ ಡಿಕ್ಕ್ಯಾಗ ಬಿದ್ದಿದ್ದುವು.

ಕಂಪ್ಯೂಟರ್ ಕ್ಲಾಸ್ ನಡಸೂ ಅರಿಹಂತನ್ನ ಕಾಕಾ ಕರಸಿದರು. "ತಮ್ಮಾ, ನಮ್ಮ ಮಗಳ ಪ್ರಣಿತಾನ್ನ ಕೇಳಾಕ ನಿಮ್ಮವ್ವ ಬಂದು ಬಂದು ಚಪ್ಪಲಿ ಸವಸ್ಯಾಳ. ಇವತ್ತ ಈ ಕಾರು ಚಾಲೂ ಮಾಡು. ಇಲ್ಲೇ ನಿನ್ನ ಬಾಯಾಗ ಸಕ್ಕರಿ ಹಾಕಿ, ನಾನೂ ಹಾಕ್ಕೋತೇನಿ. ಸಕ್ಕರಿ ತಿಂದ್ರ ಲಗ್ನ ಗಟ್ಟಿ, ಮಾತು ಮುಗೀತು."

ಆ ಸಿಡಿ ಹೊಸಾ ಕಂಪ್ಯೂಟರಿನ್ಯಾಗ ನಡಿಯಂಗಿಲ್ಲ. ಆ ವೈರು ತುರಕೂ ತೂತೇ ಅದಕ್ಕಿಲ್ಲ. ಕ್ಲಾಸಿನ ಮೂಲ್ಯಾಗ ಒಂದು ಮುದಿ ಮಶೀನ್ ಇತ್ತು. ಅದನ್ನ ಬಾಜೂ ಮನಿ ಬೀರಸಿದ್ದಪ್ಪನ ಕಂಬಳ್ಯಾಗ ಸುತ್ತಿ, ತಳ್ಳುಗಾಡಿ ಮ್ಯಾಲ ಮಲಗಿಸಿ, ಮಳಿಯಾಗ ತಂದರು. ದಾರ್ಯಾಗಿನ ಮಂದಿ ಯಾರೋ ಹ್ವಾದ್ರು ಅಂತ ಟೊಪಿಗಿ ತಗದು ನಿಂತರು.

ಶೆಡ್ಡಿನ್ಯಾಗ ಸಂತಿ ಕೂಡಿತು. ಎದರ ಮನಿ ಕರೆವ್ವ ಕಂಪ್ಯೂಟರಿಗೆ ಲಿಂಬಿಹಣ್ಣು, ಮೆಣಸಿನಕಾಯಿ ಕಟ್ಟಿದಳು. ಸಿಡಿ ಹಾಕಿದ ಕೂಡ್ಲೆ ಪರದೆ ತುಂಬ ಫ್ರೆಂಚ್.

"ಏನಂತೈತೋ?" ಬೀರಸಿದ್ದಪ್ಪ ಕೇಳಿದ.

"ಇದರ ಮುದತ್ತು ಮುಗದೈತಿ ಅನಸ್ತೈತಿ. ತಾರೀಖ ಹಿಂದ ಸರಸಬೇಕ್ರಿ."

"ಸರಸಲಾ! ಕುರಿ ಮಾರೂ ಮುಂದ ನಾ ಅದರ ವಯಸ್ಸು ಹಿಂದ ಸರಸೂದಿಲ್ಲೇನು?"

ಅರಿಹಂತ ಎಂಟು ವರ್ಷ ಹಿಂದಕ್ಕ ತಿರುವಿದ. ಅಷ್ಟರಾಗ ಕರೆವ್ವನ ಮೊಣಕೈ ಬಡದು ಮೌಸು ತಾರೀಖಿನ ಬಾಜೂಕಿನ ಗಡಿಯಾರದ ಮ್ಯಾಲ ಎಲ್ಲೆಲ್ಲೋ ಒತ್ತಿಕೊಂಡಿತು. ಇರಲಿ, ಸಾಫ್ಟವೇರ್ ಅಂತೂ ತೆರೀತು!

ಯಾವ ಗುಂಡಿ ಒತ್ತಬೇಕು? "ದೊಡ್ಡದು ಒತ್ತೋ," ಅಂದ ಬೀರಸಿದ್ದಪ್ಪ. ಒತ್ತಿದ. ನಾಕೂ ಕಿಟಕಿ ಗ್ಲಾಸು ಕೆಳಗ ಇಳದುವು. "ಹಸರದು ಒತ್ತು," ಅಂದಳು ಕರೆವ್ವ. ಹಾರ್ನು ಶುರುವಾತು, ನಿಲ್ಲವಲ್ದು. ಹಿತ್ತಲದಾಗಿನ ಎಮ್ಮಿ ಗೂಟ ಕಿತಗೊಂಡು ಅರಭಾವಿ ಕಡೆ ಓಡಿತು.

"ಏನ್ರಿ, ಹೊತ್ತು ಮುಣಗಾಕ ಬಂತು, ಉಣ್ಣಾಕ ಬರ್ರಿ!" ಜಿನ್ನವ್ವ ಕಾಕೂ ಒಳಗಿಂದ ಕೂಗಿದರು. ಹೊತ್ತು ಮುಣಗಿದ ಮ್ಯಾಲ ಆ ಜೈನರ ಮನ್ಯಾಗ ಒಂದು ಅಗಳೂ ಬಾಯಿಗೆ ಹೋಗೂದಿಲ್ಲ.

ಕಾಕಾ ಪರದೆ ಮೂಲಿ ನೋಡಿದರು. "ಇನ್ನೂ ನಾಕು ಗಂಟಿ."

"ಗ್ವಾಡಿ ಗಡಿಯಾರದಾಗ ಆರು ಆಗೇತ್ರಿ."

"ಆ ಗಡಿಯಾರ ನಿಮ್ಮ ತವರುಮನೀದು. ಇದು ಕಂಪ್ಯೂಟರ್. ಮ್ವಾಡ ಕವದೈತಿ, ಅದಕ್ಕ ಕತ್ತಲಿ. ಹೋಗು."

ಮತ್ತ ಎರಡು ತಾಸು ಸಿಕ್ಕ ಸಿಕ್ಕ ಗುಂಡಿ ಒತ್ತಿದ ಮ್ಯಾಲ, ಕಡೀಕ ಅರಿಹಂತ ಕಣ್ಣು ಮುಚ್ಚಿ, ಯಾರೂ ಹೇಳಲಾರದ ಗುಂಡಿ ಒತ್ತಿದ. ಹಾರ್ನು ನಿಂತಿತು. ಕೆಂಪು ದೀಪ ಆರಿತು. ಕಾಕಾ ಚಾವಿ ತಿರುವಿದರು. ಕಾರು ಗುರ್ರ್ ಅಂತು!

"ಸಕ್ಕರಿ ತಾ!" ಕಾಕಾ ಕುಣದರು. "ಅಳ್ಯಾನ ಬಾಯಾಗ ಹಾಕೂನು!"

ಕಾಕೂ ಡಬ್ಬಿ ತಂದರು, ಆದರ ಮುಚ್ಚಳಾ ತಗೀಲಿಲ್ಲ. ಹೊರಗ ಬಟ್ಟು ತೋರಿಸಿದರು. ಮಳಿ ನಿಂತು, ಮ್ವಾಡ ಸರದು, ಮ್ಯಾಲ ಚುಕ್ಕಿ ಫಳಫಳ ಹೊಳೀತಿದ್ದುವು.

ಕಾಕಾನ ಹೊಟ್ಟಿ ಗುರ್ರ್ ಅಂತು, ಕಾರಿಗಿಂತ ಜೋರಾಗಿ.

"ಕಂಪ್ಯೂಟರಿನ ಟೈಮ್ ಹಿಂದ ಸರಸಿದಾವ ಯಾವಾವ?" ಕಾಕಾ ಗುಡುಗಿದರು.

ಅಷ್ಟೂ ಮಂದಿ ಅರಿಹಂತನ ಕಡೆ ನೋಡಿದರು. ಮೊದಲ ನೋಡಿದಾಕಿ ಕರೆವ್ವ.

"ಉಪಾಸ ಕೆಡವಿದೆಲ್ಲೋ ಮಾರಾಯಾ! ಸಕ್ಕರಿ ಇನ್ನ ನಾಳೆ, ಹೊತ್ತು ಹುಟ್ಟಿದ ಮ್ಯಾಲ." ಕಾಕಾ ಸಿಟ್ಟಿಗೆ ಚಾವಿ ಕಿತ್ತರು.

"ಬಂದ್ ಮಾಡಬ್ಯಾಡ್ರಿ ಕಾಕಾ!" ಅರಿಹಂತ ಚೀರೂದರಾಗ ಇಂಜಿನ್ ತಣ್ಣಗಾತು. ಕೆಂಪು ದೀಪ ಮತ್ತ ಪಿಳಿಪಿಳಿ.

"ಹಂಗಾರ ನಾಳೆ ಮೊದಲ ಇದನ್ನ ಚಾಲೂ ಮಾಡು," ಅಂದು ಕಾಕಾ ಬರೇ ಹೊಟ್ಟಿಲೆ ಮಲಗಾಕ ಹ್ವಾದರು.

ಪ್ರಣಿತಾ ಸಕ್ಕರಿ ಡಬ್ಬಿ ಕಂಪ್ಯೂಟರಿನ ಬಾಜೂಕ ಇಟ್ಟು, "ಇದನ್ನ ಮ್ಯಾಲ ಇಡಂಗಿಲ್ಲ. ಮುಂಜಾನೆ ಲಗೂನ ಬರ್ರಿ," ಅಂತ ನಕ್ಕು ಓಡಿದಳು.

ಅರಿಹಂತ ಪರದೆ ನೋಡಿದ. ಅವಸರ ಏನಿದ್ದಿಲ್ಲ. ಕಂಪ್ಯೂಟರಿನ ಲೆಕ್ಕದಾಗ ಅವಗ ಇನ್ನೂ ಎಂಟು ವರ್ಷ, ಎರಡು ತಾಸು ಟೈಮ್ ಇತ್ತು.