ಹಿಂದಿನ ಸಾಲಿನ ಸ್ಯಾಕ್ಸೋಫೋನ್

ಬೀದರ ಜಿಲ್ಲೆಯಲ್ಲಿ ಟೆನರ್ ಸ್ಯಾಕ್ಸೋಫೋನಿನ ಬಗ್ಗೆ ವಾದಕ್ಕಿಳಿದು ಇದುವರೆಗೆ ಒಮ್ಮೆಯೂ ಸೋಲದವರು ನಮ್ಮ ಮಾಮಾ ಒಬ್ಬರೇ. ಎದುರು ನಿಂತು ವಾದಿಸುವವರು ಇಡೀ ಜಿಲ್ಲೆಯಲ್ಲಿ ಸಿಕ್ಕಿಲ್ಲ ಎಂಬುದು ಬೇರೆ ಮಾತು!

ಮಾಮಾ ಎಂದರೆ ನನ್ನ ತಾಯಿಯ ಅಣ್ಣ. ಬೀದರದ ಪಕ್ಕದ ಕೊಳಾರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಭಾನುವಾರ ಚರ್ಚು, ಉಳಿದ ಆರು ದಿನ ಅಮೆರಿಕದ ಜಾಝ್ ಸಂಗೀತ. ಈ ಹುಚ್ಚು ಹತ್ತಿದ್ದು ನಮ್ಮಜ್ಜಿಯಿಂದ. ಅಜ್ಜಿ ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. ಅಲ್ಲಿದ್ದ ವಿದೇಶಿ ಡಾಕ್ಟರೊಬ್ಬರು ತಮ್ಮ ಊರಿಗೆ ಮರಳುವಾಗ ಕ್ಯಾಸೆಟ್ಟುಗಳನ್ನೆಲ್ಲ ವರಾಂಡದಲ್ಲಿಟ್ಟು, ಬೇಕಾದವರು ಒಯ್ಯಿರಿ ಎಂದರಂತೆ. ಅಜ್ಜಿಯ ಡ್ಯೂಟಿ ಮುಗಿಯುವ ಹೊತ್ತಿಗೆ ಹೆಸರಾದವರನ್ನೆಲ್ಲ ಜನ ಒಯ್ದಾಗಿತ್ತು. ಉಳಿದಿದ್ದು ಒಂದು ಬಿಸ್ಕತ್ ಡಬ್ಬಿಯ ತುಂಬ ಯಾರೂ ಕೇಳರಿಯದ, ದಪ್ಪ ದನಿಯ ಟೆನರ್ ಸ್ಯಾಕ್ಸೋಫೋನಿನ ವಾದಕರು. ಅಂದಿನಿಂದ ಮಾಮಾ ಆ ಅನಾಥರ ವಕೀಲರು.

ಮನೆಗೆ ಯಾರೇ ಹೋಗಲಿ, ಚಹಾ ಬರುವ ಮೊದಲೇ ಕ್ಯಾಸೆಟ್ ಶುರುವಾಗುತ್ತದೆ.

“ನೋಡವಾ, ಹೆಸರು ಮಾಡಿದಾಂವ ಹ್ಯಾಂಗ ಬಾರಸ್ತಾನ? ಗಿರಣ್ಯಾಗ ಜ್ವಾಳ ಸುರುವಿದಂಗ. ಇಂವಾ ಒಂದೊಂದ ಸ್ವರ ಆರಿಸಿ ಇಡ್ತಾನ. ಹಾಡು ಬಿಟ್ಟು ಹೊರಗ ಹೋಗಂಗಿಲ್ಲ.”

ನಾನು ಸಾಲಿಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವವಳು, ನನಗೆ ಸಂಗೀತದ ಗಂಧವಿಲ್ಲ. ಆದರೂ ಕೇಳುತ್ತ ಕೇಳುತ್ತ ಮಾಮಾ ಹೇಳುವುದು ಅಷ್ಟಿಷ್ಟು ತಿಳಿಯತೊಡಗಿತು. ಸ್ವರಕ್ಕಿಂತ ಮೊದಲು ಉಸಿರು ಕೇಳಿಸುತ್ತದೆ. ರಾಗ ಪಕ್ಕದಲ್ಲಿ ಕೂತವರಿಗೆ ಏನನ್ನೋ ಹೇಳುವ ಹಾಗೆ ಮೆಲ್ಲಗೆ ಸಾಗುತ್ತದೆ. ನಡುವೆ ಒಮ್ಮೆ ತಡೆದು, ಸರಿಯಾದ ಮಾತು ಸಿಕ್ಕ ಮೇಲೆಯೇ ಮುಂದಕ್ಕೆ ಹೋಗುತ್ತದೆ. ಅವಸರವಿಲ್ಲದ ಮನುಷ್ಯರ ಸಂಗೀತ ಅದು.

ಮಾಮಿಗೆ ಮಾತ್ರ ಒಂದು ಸಂಶಯ. “ಇಷ್ಟು ಛಲೋ ಬಾರಸ್ತಿದ್ರ ಮಂದಿ ಯಾಕ ಕೇಳಲಿಲ್ರಿ?”

“ನಿನ್ನ ಕೈಯಾನ ಪುಂಡಿಪಲ್ಯಾ ಬೆಂಗಳೂರಾಗ ಯಾರಿಗೆ ಗೊತ್ತದ? ಹಂಗಂತ ಅದಕ್ಕ ರುಚಿ ಇಲ್ಲೇನು?”

ಮರುದಿನ ಯಾರೂ ಕೇಳದೆಯೇ ಪುಂಡಿಪಲ್ಯ ಆಗಿತ್ತು.

ನನ್ನ ತಮ್ಮನಿಗೆ ಹಲಬರ್ಗಾದಲ್ಲಿ ಹೆಣ್ಣು ನೋಡಲು ಹೋದಾಗಲೂ ಮಾಮಾ ಸುಮ್ಮನಿರಲಿಲ್ಲ. ಮಾತು ನಿಂತು ಎಲ್ಲರೂ ಗೋಡೆ ನೋಡುತ್ತಿದ್ದಾಗ, ಬೇಸರ ಕಳೆಯಲೆಂದು ಮೊಬೈಲ್ ತೆಗೆದು ತಮ್ಮ ಮೆಚ್ಚಿನ ವಾದಕನೊಬ್ಬನನ್ನು ಹಚ್ಚಿಯೇಬಿಟ್ಟರು. ಹುಡುಗಿಯ ತಂದೆ ಸ್ವಲ್ಪ ಹೊತ್ತು ಕೇಳಿ, ದನಿ ತಗ್ಗಿಸಿ ವಿಚಾರಿಸಿದರು.

“ಯಾರರೆ ತೀರ್ಕೊಂಡಾರೇನ್ರಿ?”

“ಹೌದ್ರಿ. ಬಾರ್ಸಿದಾಂವ ಹೋಗಿ ಭಾಳ ವರ್ಷ ಆತು,” ಎಂದರು ಮಾಮಾ.

ನನ್ನ ತಾಯಿ ಅವರ ಕಾಲು ತುಳಿದರು. ಆದರೂ ಸಂಬಂಧ ಕೂಡಿತು. ಆ ಮನೆಯವರ ತಾಳ್ಮೆಗೆ ಬೇರೆ ಸಾಕ್ಷಿ ಬೇಕೆ?

ಮದುವೆ ಭಾಲ್ಕಿಯ ಚರ್ಚಿನಲ್ಲಿ. ಬೀಗರು ಔರಾದ ಕಡೆಯ ಬ್ಯಾಂಡ್ ತರಿಸಿದ್ದರು. ಹೂವು ಕಟ್ಟಿದ ಜೀಪಿನಲ್ಲಿ ಮದುಮಗ, ಮುಂದೆ ತುತ್ತೂರಿ, ಡೋಲು, ಕುಣಿಯುವ ಗೆಳೆಯರು. ಚರ್ಚು ಕಣ್ಣಿಗೆ ಬಿದ್ದಿತ್ತು, ಅಷ್ಟರಲ್ಲಿ ಮಾಮಾ ಮೆರವಣಿಗೆಯ ನಡುವೆ ನಿಂತು ಎರಡೂ ಕೈ ಎತ್ತಿದರು.

“ನಿಲ್ಲಸ್ರಿ.”

ಬ್ಯಾಂಡ್ ನಿಂತಿತು. ಏನೋ ಜಗಳವಾಯಿತೆಂದು ಜನ ಸೇರಿದರು. ಮಾಮಾ ತುತ್ತೂರಿಯವರನ್ನು ಸರಿಸಿಕೊಂಡು ಹಿಂದಿನ ಸಾಲಿಗೆ ಹೋದರು. ಅಲ್ಲಿ ಸಡಿಲ ಕೆಂಪು ಕೋಟಿನೊಳಗೆ ತೆಳ್ಳಗಿನ ಹಿರಿಯರೊಬ್ಬರು, ಕೊರಳಲ್ಲಿ ಹಳೆಯ ಟೆನರ್ ಸ್ಯಾಕ್ಸೋಫೋನ್.

“ಉಸ್ತಾದ, ಈಗ ಬಾರ್ಸಿದ್ದು ಇನ್ನೊಮ್ಮಿ ಬಾರಸ್ರಿ.”

ಆ ಮನುಷ್ಯನ ಮುಖ ಸಣ್ಣದಾಯಿತು. “ತಪ್ಪಾತೇನ್ರಿ ಸಾಹೇಬ್ರ?”

“ಒಂದಿಷ್ಟೂ ತಪ್ಪಾಗಿಲ್ಲ. ಅದಕ್ಕಽ ನಿಲ್ಲಿಸೇನಿ.”

ಒಳಗೆ ಪಾಸ್ಟರರು ಕಾಯುತ್ತಿದ್ದರು, ಹೊರಗೆ ಜೀಪಿನಲ್ಲಿ ಮದುಮಗ ಬೆವರುತ್ತಿದ್ದ. ರಸ್ತೆಯ ಮಧ್ಯೆ ಮಾಮಾ ಕಣ್ಣು ಮುಚ್ಚಿ ಒಂದು ಸಿನಿಮಾ ಹಾಡನ್ನು ಪೂರ್ತಿ ಕೇಳಿದರು. ತನ್ನ ಮದುವೆಗೆ ತಾನೇ ತಡವಾಗಿ ಹೋದೆ ಎಂದು ನನ್ನ ತಮ್ಮ ಇಂದಿಗೂ ಹೇಳುತ್ತಾನೆ.

ಆ ವಾದಕರು ಚಿಂತಾಕಿಯವರು. ತೊಗರಿಯ ಹೊಲ ಇದೆ, ಮದುವೆಯ ಸುಗ್ಗಿಯಲ್ಲಿ ಬ್ಯಾಂಡು. ನಲವತ್ತು ವರ್ಷ ಹಿಂದಿನ ಸಾಲಿನಲ್ಲೇ ನಡೆದವರು. ಆಮೇಲೆ ಪ್ರತಿ ಗುರುವಾರ ಮಾಮಾ ಟೇಪ್ ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಔರಾದಕ್ಕೆ, ಅಲ್ಲಿಂದ ಚಿಂತಾಕಿಗೆ ಹೋಗತೊಡಗಿದರು. ಹೊಲದ ಬದುವಿನ ಮೇಲೆ ಇಬ್ಬರೂ ಕೂತು ಡಬ್ಬಿಯ ಅನಾಥರನ್ನು ಒಬ್ಬೊಬ್ಬರನ್ನಾಗಿ ಕೇಳುವುದು. ಉಸ್ತಾದರು ಕೇಳಿ, ತಮಗೆ ತಿಳಿದಷ್ಟನ್ನು ಬಾರಿಸಿ ತೋರಿಸುವುದು. ಮಾಮಾಗೆ ವಯಸ್ಸು ಹತ್ತು ವರ್ಷ ಇಳಿದಂತಾಗಿತ್ತು.

ಒಂದು ಗುರುವಾರ ಕ್ಯಾಸೆಟ್ ಅರ್ಧಕ್ಕೆ ಬಂದಾಗ ಉಸ್ತಾದರು ತಲೆಯೆತ್ತಿದರು. “ಇಂವಾ ಹಲ್ಲು ಕಟ್ಟಿಸ್ಕೊಂಡ ಮ್ಯಾಲ ಬಾರಿಸ್ಯಾನ್ರಿ.”

ಮೂವತ್ತು ವರ್ಷದಿಂದ ಅದನ್ನೇ ಕೇಳುತ್ತ ಬಂದ ಮಾಮಾ ಬೆರಗಾದರು. “ಹ್ಯಾಂಗ ತಿಳೀತು?”

“ಸ್ವರ ಹಿಡಿಯೋದ್ರಾಗ ಜರಾ ಅಂಜಿಕಿ ಅದ. ನಂದೂ ಮುಂದಿನ ಹಲ್ಲು ಅಲಗ್ಯಾಡ್ಲಿಕತ್ತಾವ್ರಿ. ಅದಕ್ಕ ತಿಳೀತು.”

ಸ್ಯಾಕ್ಸೋಫೋನಿನ ಬಾಯಿ ನಿಲ್ಲುವುದೇ ಮೇಲಿನ ಮುಂದಿನ ಹಲ್ಲುಗಳ ಆಸರೆಯಲ್ಲಿ. ಮಾಮಾ ಉಸ್ತಾದರನ್ನು ಬೀದರಕ್ಕೆ ಕರೆತಂದು ಹಲ್ಲಿನ ಡಾಕ್ಟರಿಗೆ ತೋರಿಸಿದರು. ಜೊತೆಗೆ ನಾನೂ ಇದ್ದೆ. ನಾಲ್ಕು ಹಲ್ಲು ತೆಗೆಯಲೇಬೇಕು, ಕಟ್ಟಿಸಿದ ಮೇಲೆ ರೊಟ್ಟಿ ತಿನ್ನಲು ಅಡ್ಡಿಯಿಲ್ಲ ಎಂದರು ಡಾಕ್ಟರು.

“ರೊಟ್ಟಿ ಬಿಡ್ರಿ. ಇವರು ಊದಬಹುದೋ ಇಲ್ಲೋ, ಅದು ಹೇಳ್ರಿ.”

“ನಾ ಓದಿದ ಪುಸ್ತಕದಾಗ ಊದೋದು ಇರಲಿಲ್ರಿ,” ಎಂದರು ಡಾಕ್ಟರು, ಪ್ರಾಮಾಣಿಕವಾಗಿ.

ಹೊರಗೆ ಬಂದು ಮೂವರೂ ಬೆಂಚಿನ ಮೇಲೆ ಕೂತೆವು. ಕೊನೆಗೆ ಮಾಮಾ ಎದ್ದು ನಿಂತರು. ಹಲ್ಲು ತೆಗೆಸುವ ಮೊದಲು ಉಸ್ತಾದರು ಒಮ್ಮೆ ಒಬ್ಬರೇ, ಮುಂದೆ ನಿಂತು, ಬಾರಿಸಬೇಕು ಎಂದು ತೀರ್ಮಾನಿಸಿಬಿಟ್ಟರು.

ಭಾಲ್ಕಿಯಲ್ಲಿ ಒಂದು ಸಣ್ಣ ಹಾಲ್, ಶನಿವಾರ ಮಧ್ಯಾಹ್ನ, ಅರವತ್ತು ಕುರ್ಚಿ. ಬಂದವರು ನಮ್ಮ ಮನೆಯ ಹನ್ನೊಂದು ಜನ, ಜೊತೆಗೆ ಕಣ್ಣಿನ ತಪಾಸಣೆ ಇದೆಯೆಂದು ತಿಳಿದು ಬಂದ ಮೂವರು. ಫ್ಯಾನ್ ತಿರುಗುತ್ತಿದ್ದುದರಿಂದ ಅವರೂ ಉಳಿದರು. ಮುಂದಿನ ಸಾಲಿನಲ್ಲಿ ಉಸ್ತಾದರ ಹೆಂಡತಿ ಒಬ್ಬರೇ, ಕುರ್ಚಿಯ ಅಂಚಿಗೆ ಕೂತಿದ್ದರು.

ಉಸ್ತಾದರು ಎರಡು ಹಾಡು ಬಾರಿಸಿದ ಮೇಲೆ ಮಾಮಾ ಆಕೆಯ ಕಡೆ ತಿರುಗಿದರು. “ತಂಗಿ, ನಿಮಗ ಯಾವುದು ಮನಸಿಗೆ ಬರ್ತದ ಹೇಳ್ರಿ. ಅದಽ ಬಾರಸ್ಲಿ.”

“ನಂಗ ಯಾವುದೂ ಗೊತ್ತಿಲ್ರಿ ಅಣ್ಣಾರ. ಇವರು ಬಾರ್ಸೋದು ಇವತ್ತಽ ಕೇಳ್ಲಿಕತ್ತೇನಿ.”

ಮಾಮಾ ನಂಬಲಿಲ್ಲ. ಆಕೆ ತಪ್ಪು ಮಾಡಿದವರಂತೆ ವಿವರಿಸಿದರು. “ಬ್ಯಾಂಡಿನ ಸಂಗಟ ನಾವು ಹೋಗಂಗಿಲ್ಲ. ಮನ್ಯಾಗ ಊದಿದ್ರ ಎಮ್ಮಿ ಬೆದರ್ತದಂತ ನಮ್ಮತ್ತಿ ದೂರದ ಹೊಲಕ್ಕ ಕಳಸ್ತಿದ್ರು. ಆಮ್ಯಾಲ ಅದಽ ರೂಢಿ ಆಯ್ತು.”

“ನಿಮ್ಮ ಮದಿವ್ಯಾಗರೆ?”

“ಅವತ್ತು ಇವರಽ ಮದುಮಗ ಇದ್ರಲ್ರಿ. ಬ್ಯಾರೆಯವರು ಬಾರ್ಸಿದ್ರು.”

ನಾವೆಲ್ಲ ನಕ್ಕೆವು. ಉಸ್ತಾದರು ನಗಲಿಲ್ಲ. ಧೋತರದ ಚುಂಗಿನಿಂದ ವಾದ್ಯದ ಬಾಯಿ ಒರೆಸಿಕೊಂಡು ವೇದಿಕೆಯಿಂದ ಇಳಿದು ಬಂದು ಆಕೆಯ ಎದುರು ನಿಂತರು. ಮದುಮಗಳನ್ನು ಕರೆತರುವಾಗ ನಮ್ಮ ಕಡೆ ಎಲ್ಲ ಬ್ಯಾಂಡಿನವರೂ ಬಾರಿಸುವ ಹಾಡು, ನಾನು ನೂರು ಸಲ ಕೇಳಿ ಬೇಸತ್ತಿದ್ದು, ಅದನ್ನೇ ಎತ್ತಿಕೊಂಡರು. ಅಷ್ಟು ನಿಧಾನವಾಗಿ ಅದನ್ನು ಯಾರೂ ಬಾರಿಸಿದ್ದಿಲ್ಲ. ಆಕೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ನೆಲ ನೋಡುತ್ತ, ಮುಗಿಯುವವರೆಗೆ ಅಲುಗಾಡದೆ ಕೂತಿದ್ದರು.

ಮುಂದಿನ ವಾರ ಉಸ್ತಾದರು ಹಲ್ಲು ತೆಗೆಸಿದರು. ಕಟ್ಟಿಸಿದ ಹಲ್ಲಿಗೆ ಬಾಯಿ ಹೊಂದಲು ನಾಲ್ಕು ತಿಂಗಳು ಹಿಡಿಯಿತು. ಬ್ಯಾಂಡಿನ ಓಡಾಟಕ್ಕೆ ಈಗ ಉಸಿರು ಸಾಲದು. ಮನೆಯ ಅಂಗಳದಲ್ಲಿ ಸಂಜೆ ಒಂದೆರಡು ಹಾಡು ಬಾರಿಸುತ್ತಾರೆ. ಆಕೆ ಕೈಯಲ್ಲಿನ ಕೆಲಸ ಬಿಟ್ಟು ಬಂದು ಕಟ್ಟೆಯ ಮೇಲೆ ಕೂಡುತ್ತಾರೆ. ಅಷ್ಟು ಹೊತ್ತು ನಮ್ಮ ಮಾಮಾ ಕೂಡ ಬಾಯಿ ತೆರೆಯುವುದಿಲ್ಲ.